ರೋಹಿಣಿಗೋ ಹುಬ್ಬೆಗೋ: ಮಾವಳ್ಳಿಯ ಹಿತ್ತಲಿನ ಮೆಣಸಿನ ಮಡಿ ಕುರಿತು ಒಂದು ಸಂವಾದ

ಭಟ್ಕಳ ತಾಲೂಕಿನ ಮಾವಳ್ಳಿಯಲ್ಲಿ, ಅಂದರೆ ಮುರ್ಡೇಶ್ವರದ ಗೋಪುರ ಕಣ್ಣಳತೆಯಲ್ಲೇ ಇರುವ ಕೇರಿಗಳಲ್ಲಿ, ಮನೆಯ ಹಿತ್ತಲಿಗೆ ಮೆಣಸಿನ ಗಿಡ ಹಾಕುವುದು ಹೊಸ ಸಂಗತಿಯಲ್ಲ. ಆದರೆ ಅದನ್ನು ಯಾವ ಕಾಲಕ್ಕೆ ಹಾಕಬೇಕು, ಯಾವ ಬೀಜದಿಂದ ಹಾಕಬೇಕು ಎಂಬ ಪ್ರಶ್ನೆಗೆ ಈ ಕರಾವಳಿಯಲ್ಲಿ ಒಂದೇ ಉತ್ತರವಿಲ್ಲ. ಕಡಲಿಗೂ ಘಟ್ಟಕ್ಕೂ ನಡುವಿನ ಕಿರಿದಾದ ಪಟ್ಟಿಯಾಗಿರುವ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುತ್ತದೆ, ಉಳಿದ ಕಾಲಕ್ಕೆ ಬಾವಿಯ ನೀರೇ ಆಧಾರವಾಗುತ್ತದೆ. ಮೆಣಸಿನ ಗಿಡವಾದರೋ ಬುಡದಲ್ಲಿ ನೀರು ನಿಂತರೆ ಸಾಯುವ, ನೀರು ತಪ್ಪಿದರೆ ಹೂವು ಉದುರಿಸುವ ಜಾತಿಯದು. ಹೀಗಾಗಿ ಇಲ್ಲಿ ‘ಬರುವ ಹಂಗಾಮು’ ಎಂದ ಕೂಡಲೇ ಯಾವ ಹಂಗಾಮು ಎಂಬ ಮರುಪ್ರಶ್ನೆ ಏಳುತ್ತದೆ.

ಮುಂದಿನ ಸಂವಾದದಲ್ಲಿ ಮಾತಾಡುವವರು ಇಬ್ಬರು. ಹಿರಿಯಾಕೆ, ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲೇ ತರಕಾರಿ ಬೆಳೆಯುವ ಹಳೆಯ ರೂಢಿಗೆ ಸೇರಿದವರು. ಕಿರಿಯವನು ಅವರ ತಂಗಿಯ ಮಗ, ಓದಿನ ದಾರಿಯಿಂದ ಮಣ್ಣಿನ ಕೆಲಸಕ್ಕೆ ಬಂದವನು. ಕಾಲ ಏಪ್ರಿಲ್ ತಿಂಗಳ ಮೊದಲ ವಾರವಾದ್ದರಿಂದ ಎರಡು ದಾರಿಗಳೂ ಇನ್ನೂ ತೆರೆದೇ ಇವೆ.

ಕಿರಿಯವನು: ದೊಡ್ಡಮ್ಮ, ಈ ಸಲ ಏಪ್ರಿಲ್ ನಡುವಿನಲ್ಲೇ ಬೀಜ ಹಾಕಿದರೆ ಹತ್ತು ದಿನದ ಆಸುಪಾಸಿನಲ್ಲಿ ಮೊಳಕೆ ಬರುತ್ತದೆ, ನಲವತ್ತು ದಿನಕ್ಕೆ ಸಸಿ ನಾಟಿಗೆ ಸಿದ್ಧವಾಗುತ್ತದೆ, ರೋಹಿಣಿ ಮಳೆ ಹುಟ್ಟುವ ಮೇ 25ರ ಹೊತ್ತಿಗೆ ಅದನ್ನು ನೆಟ್ಟರೆ ಆಗಸ್ಟ್ ಆರಂಭಕ್ಕೆ ಹಸಿಮೆಣಸು ಕೈಗೆ ಸಿಗುತ್ತದೆ. ಶ್ರಾವಣದಿಂದ ಚೌತಿಯವರೆಗೆ ಪೇಟೆಯಲ್ಲಿ ತರಕಾರಿ ತುಟ್ಟಿಯಾಗುವ ಕಾಲದಲ್ಲೇ ಮನೆಯ ಗಿಡ ಕಾಯಿ ಕೊಡಬೇಕಲ್ಲವೇ?

ಹಿರಿಯಾಕೆ: ಲೆಕ್ಕ ಸರಿ, ತಮ್ಮಾ, ಆದರೆ ಆ ಲೆಕ್ಕದಲ್ಲಿ ಆರಿದ್ರೆ, ಪುನರ್ವಸು, ಪುಷ್ಯ ಎಂಬ ಮೂರು ಮಳೆಗಳು ಸೇರಿಲ್ಲ. ಜೂನ್ ಕೊನೆಯಿಂದ ಆಗಸ್ಟ್ ಮೊದಲ ದಿನಗಳವರೆಗೆ ಹಿತ್ತಲಿನ ಮಣ್ಣು ಒಮ್ಮೆಯೂ ಆರುವುದಿಲ್ಲ, ಎಳೆಯ ಬೇರಿಗೆ ಉಸಿರಾಡಲು ಜಾಗವಿರುವುದಿಲ್ಲ, ಮೇಲಿನ ಎಲೆ ಹಸಿರಾಗಿಯೇ ಇರುವಾಗ ಗಿಡ ಒಂದು ಮಧ್ಯಾಹ್ನ ತಲೆ ಬಾಗಿಸಿ ಮರುದಿನ ಏಳುವುದೇ ಇಲ್ಲ. ಆದ್ದರಿಂದಲೇ ಇಲ್ಲಿಯ ಹಿರಿಯರು ಬೀಜವನ್ನು ಹುಬ್ಬೆ ಮಳೆಗೆ, ಅಂದರೆ ಆಗಸ್ಟ್ ಕೊನೆಗೆ, ಸೂರಿನ ಅಂಚು ಬಿಟ್ಟು ಎತ್ತರದ ಮಡಿಯಲ್ಲಿ ಹಾಕಿ, ಚಿತ್ತೆ ಮಳೆ ಬರುವ ಅಕ್ಟೋಬರ್ ನಡುವಿನಲ್ಲಿ ಸಸಿ ಕಿತ್ತು ನೆಟ್ಟು, ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಕಾಯಿ ಕೊಯ್ದರು. ಕುಮಟಾದ ಅಳ್ವೆಕೋಡಿ, ಹಂದಿಗೋಣದ ಕಡೆ ಸಿಹಿ ಈರುಳ್ಳಿ ಬೆಳೆಯುವವರೂ ಹೀಗೆಯೇ ಮಳೆ ಹಿಂದೆ ಸರಿದ ಮೇಲೆ ನೆಲಕ್ಕೆ ಇಳಿಯುತ್ತಾರೆ.

ಹಿರಿಯಾಕೆ ಹೇಳಿದ ರೋಗಕ್ಕೆ ಕೃಷಿ ಶಾಸ್ತ್ರದಲ್ಲಿ ದುಂಡಾಣು ಸೊರಗು ರೋಗವೆಂದು ಹೆಸರು. ರಾಲ್‌ಸ್ಟೋನಿಯಾ ಸೊಲನೇಸಿಯೇರಮ್ ಎಂಬ ಬ್ಯಾಕ್ಟೀರಿಯಾ ಬೇರಿನ ಗಾಯಗಳ ಮೂಲಕ ಒಳಹೊಕ್ಕು, ಕಾಂಡದಲ್ಲಿ ನೀರು ಸಾಗುವ ನಾಳಗಳನ್ನು ಕಟ್ಟಿಬಿಡುತ್ತದೆ. ನೀರು ಮೇಲೇರದೆ ಗಿಡ ಹಸಿರಿರುವಂತೆಯೇ ಬಾಡುತ್ತದೆ. ಸತ್ತ ಗಿಡದ ಕಾಂಡವನ್ನು ಬುಡದ ಬಳಿ ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟಾಗ ತುಂಡಾದ ತುದಿಯಿಂದ ಹಾಲಿನಂಥ ಎಳೆ ಇಳಿದುಬಂದರೆ ರೋಗ ಅದೇ ಎಂದು ಮನೆಯಲ್ಲೇ ಗುರುತಿಸಬಹುದು. ಬಿಸಿಯಾದ, ತೇವ ತುಂಬಿದ, ಹುಳಿ ಗುಣದ ಮಣ್ಣು ಇದಕ್ಕೆ ಅನುಕೂಲ. ಚಿರೆಕಲ್ಲು ಕರಗಿ ಆದ ಕರಾವಳಿಯ ಕೆಂಪು ಮಣ್ಣು ಈ ಮೂರೂ ಗುಣಗಳನ್ನು ಹೊಂದಿರುವುದರಿಂದ ಇಲ್ಲಿ ಮೆಣಸಿನ ಹಿತ್ತಲಿನ ಯೋಜನೆ ಗೊಬ್ಬರದಿಂದಲೋ ತಳಿಯಿಂದಲೋ ಆರಂಭವಾಗದೆ ನೀರು ಹೊರಗೆ ಹೋಗುವ ದಾರಿಯಿಂದಲೇ ಆರಂಭವಾಗಬೇಕಾಗುತ್ತದೆ.

ಕಿರಿಯವನು: ಬಾಡುವ ಕಾರಣ ಗೊತ್ತಾದ ಮೇಲೆ ಅದನ್ನು ತಪ್ಪಿಸುವ ಉಪಾಯವೂ ಗೊತ್ತಾಗಬೇಕು. ಗಿಡವನ್ನು ನೆಲದಲ್ಲಿ ನೆಡದೆ ಚೀಲದಲ್ಲಿ ನೆಟ್ಟರೆ ಆ ಮಣ್ಣಿನ ಸಂಬಂಧವೇ ಇರುವುದಿಲ್ಲ. ಒಂದು ಪಾಲು ಮಣ್ಣು, ಒಂದು ಪಾಲು ಹಟ್ಟಿಗೊಬ್ಬರ, ಒಂದು ಪಾಲು ಹುಳಿಸಿದ ತೆಂಗಿನ ನಾರಿನ ಪುಡಿ ತುಂಬಿ, ಮೇಲೆ ಬಿದಿರಿನ ಗೂಟದ ಮೇಲೆ ಪಾರದರ್ಶಕ ಹಾಳೆ ಹೊದಿಸಿದರೆ ಸಾಕು. ಕೇರಳ ಕೃಷಿ ವಿಶ್ವವಿದ್ಯಾಲಯದವರು ಇಂಥದ್ದೇ ಜಡಿಮಳೆಯ ನಾಡಿಗೆಂದು ಮಳೆಮರೆಯಲ್ಲಿ ತರಕಾರಿ ಬೆಳೆಯುವ ಪದ್ಧತಿಯನ್ನು ಬಳಕೆಗೆ ತಂದಿದ್ದಾರೆ. ಅಲ್ಲಿ ಆಗುವುದು ಇಲ್ಲಿ ಏಕೆ ಆಗಬಾರದು?

ಹಿರಿಯಾಕೆ: ಹಾಳೆ ಮಳೆಯನ್ನು ತಡೆಯುತ್ತದೆ, ಬಿಸಿಲನ್ನು ತಂದುಕೊಡುವುದಿಲ್ಲ. ಮೆಣಸಿಗೆ ದಿನಕ್ಕೆ ಆರು ತಾಸಾದರೂ ನೇರ ಬಿಸಿಲು ಬೇಕು ಎಂದು ಓದಿ ಹೇಳಿದವನು ನೀನೇ. ಪುಷ್ಯ ಮಳೆಯಲ್ಲಿ ವಾರಗಟ್ಟಲೆ ಸೂರ್ಯ ಮುಖ ತೋರಿಸದಿದ್ದಾಗ, ಮೇಲಿನಿಂದ ತೆಂಗಿನ ನೆರಳೂ ಬೀಳುವಾಗ, ಗಿಡ ಬೆಳಕು ಹುಡುಕುತ್ತ ಉದ್ದಕ್ಕೆ ಬೆಳೆದು ಎಲೆಯನ್ನಷ್ಟೇ ಕೊಡುತ್ತದೆ. ಮೇಲಾಗಿ ಕಡಲಿನಿಂದ ಬೀಸುವ ಗಾಳಿಗೆ ಹಾಳೆ ಎಷ್ಟು ದಿನ ನಿಂತೀತು?

ಕಿರಿಯವನು: ಗಾಳಿಗೆ ಮನೆಯ ಪೂರ್ವದ ಗೋಡೆ ಅಡ್ಡವಿದೆ. ಬೆಳಕಿನ ಮಾತು ನಿಜ, ಅದಕ್ಕೆ ಉತ್ತರ ಇಲ್ಲ. ಆದರೆ ಮಳೆಗಾಲಕ್ಕೂ ಮೆಣಸಿಗೂ ಆಗುವುದೇ ಇಲ್ಲ ಎನ್ನುವುದಾದರೆ ಗೋವೆಯ ಕಾಣಕೋಣದ ಖೋಲಾ ಮೆಣಸಿನ ಕತೆ ಏನು? ಕಾರವಾರ ದಾಟಿದರೆ ಸಿಗುವ ಊರು ಅದು; ಮಳೆಯೂ ಇಲ್ಲಿಯಂತೆಯೇ. ಅಲ್ಲಿಯ ಹೆಂಗಸರು ಗುಡ್ಡದ ಇಳಿಜಾರಿನಲ್ಲಿ ಮಳೆ ಆರಂಭವಾದೊಡನೆ ಸಸಿ ನೆಟ್ಟು ಬರಿಯ ಮಳೆ ನೀರಿನಲ್ಲೇ ಬೆಳೆಸುತ್ತಾರೆ, 2019ರಲ್ಲಿ ಆ ಮೆಣಸಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂದಿದೆ.

ಇಲ್ಲಿ ಮಾತು ತುಸು ನಿಲ್ಲುತ್ತದೆ, ಏಕೆಂದರೆ ಈ ಉದಾಹರಣೆ ಇಬ್ಬರ ವಾದಕ್ಕೂ ಇಕ್ಕಟ್ಟನ್ನು ತರುವಂಥದು. ಭೌಗೋಳಿಕ ಗುರುತು ಎಂದರೆ ಒಂದು ಉತ್ಪನ್ನದ ಗುಣವು ಅದು ಹುಟ್ಟಿದ ನೆಲದಿಂದಲೇ ಬಂದದ್ದೆಂದು ಕಾನೂನು ಒಪ್ಪಿ, ಆ ಹೆಸರನ್ನು ಬೇರೆಯವರು ಬಳಸದಂತೆ ಕಾಯುವ ಏರ್ಪಾಡು. ಖೋಲಾ ಮೆಣಸಿಗೆ ಅದು ಸಿಕ್ಕಿತೆಂದರೆ ಜಡಿಮಳೆಯ ಕರಾವಳಿಯೂ ತನ್ನದೇ ಆದ ಮೆಣಸನ್ನು ಬೆಳೆಸಿಕೊಂಡಿದೆ ಎಂದಾಯಿತು.

ಹಿರಿಯಾಕೆ: ಖೋಲೆಯ ಮೆಣಸನ್ನು ಒಪ್ಪಬೇಕು, ಆದರೆ ಅದನ್ನು ಬಿಡಿಸಿ ನೋಡಬೇಕು. ಅದು ಇಳಿಜಾರಿನ ಬೆಳೆ, ಬಿದ್ದ ನೀರು ಬುಡದಲ್ಲಿ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಇಲ್ಲಿಯ ಹಿತ್ತಲು ಸಮತಟ್ಟು, ಪಕ್ಕದಲ್ಲಿ ಗದ್ದೆಯ ಬೈಲು. ಜೂನ್‌ನಲ್ಲಿ ನೆಟ್ಟ ಆ ಗಿಡ ಮಳೆಯ ತಿಂಗಳುಗಳನ್ನು ಎಲೆ ಕಾಂಡ ಬೆಳೆಸಿಕೊಳ್ಳುತ್ತ ಕಳೆದು, ಮಳೆ ಇಳಿಮುಖವಾದ ಮೇಲೆ ಕಾಯಿ ಹಣ್ಣಾಗಿಸುತ್ತದೆ. ಅಂದರೆ ಅದೂ ಶ್ರಾವಣದ ಅಡುಗೆಗೆ ಒದಗುವ ಮೆಣಸಲ್ಲ. ಮತ್ತೆ, ಆ ಬೀಜ ಎಷ್ಟೋ ತಲೆಮಾರುಗಳಿಂದ ಅದೇ ಗುಡ್ಡದಲ್ಲಿ ಬದುಕಿ ಉಳಿದ ಗಿಡಗಳ ಬೀಜ. ಅಂಗಡಿಯ ಪೊಟ್ಟಣದಲ್ಲಿ ಬರುವುದಕ್ಕೆ ಆ ಅಭ್ಯಾಸ ಎಲ್ಲಿಂದ ಬರಬೇಕು?

ಕಿರಿಯವನು: ಹಾಗಾದರೆ ಮನೆಯ ಹಿಂದಿನ ಬೇಣದ ಇಳಿಜಾರಿನಲ್ಲಿ ಹತ್ತು ಗಿಡ ನೆಟ್ಟು ನೋಡಬಹುದು.

ಹಿರಿಯಾಕೆ: ನೋಡಬಹುದು. ಬೇಣದಲ್ಲಿ ದನ ಮೇಯುತ್ತವೆ, ಬೇಲಿ ಮೊದಲು ಹಾಕಬೇಕು.

ಬೇಣವೆಂದರೆ ಉತ್ತರ ಕನ್ನಡದಲ್ಲಿ ಹುಲ್ಲು ಬೆಳೆಯಲು ಬಿಟ್ಟ ಇಳಿಜಾರಿನ ನೆಲ. ಸಾಗುವಳಿಗೆ ಒಳಪಡದ ಅಂಥ ನೆಲದಲ್ಲಿ ಬದನೆ, ಟೊಮೆಟೊ ಬೆಳೆದ ಇತಿಹಾಸವಿಲ್ಲದ್ದರಿಂದ ಸೊರಗು ರೋಗದ ಕಾಟ ಕಡಿಮೆ ಇರುವ ಸಂಭವವಿದೆ. ಮೆಣಸು, ಬದನೆ, ಟೊಮೆಟೊ ಮೂರೂ ಒಂದೇ ಕುಟುಂಬದ ಗಿಡಗಳಾದ್ದರಿಂದ ಒಂದಕ್ಕೆ ತಗುಲಿದ ರೋಗ ಮಣ್ಣಿನಲ್ಲಿ ಉಳಿದು ಇನ್ನೊಂದನ್ನು ಕಾಯುತ್ತಿರುತ್ತದೆ.

ಕಿರಿಯವನು: ದೊಡ್ಡಮ್ಮ, ನಿಮ್ಮ ರೂಢಿಯ ಪರವಾಗಿ ನೀವೇ ಹೇಳದ ಒಂದು ಮಾತಿದೆ. ಭತ್ತದ ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲಿಸಿದರೆ ಮಣ್ಣಿನಲ್ಲಿ ಗಾಳಿಯಿಲ್ಲದೆ ಆ ಸೊರಗು ರೋಗದ ಬ್ಯಾಕ್ಟೀರಿಯಾ ಬಹಳ ಮಟ್ಟಿಗೆ ಕುಗ್ಗುತ್ತದೆಯಂತೆ. ಅಂದರೆ ಭತ್ತ ಕೊಯ್ದ ಗದ್ದೆಗೆ ಮೆಣಸು ಹಾಕುವ ಪದ್ಧತಿ ನೆಲ ಖಾಲಿ ಬಿದ್ದಿದೆಯೆಂಬ ಅನುಕೂಲದಿಂದ ಮಾತ್ರ ಬಂದದ್ದಲ್ಲ, ಅದರಲ್ಲಿ ರೋಗ ತಡೆಯುವ ಗುಣವೂ ಇತ್ತು. ಈಗ ಗದ್ದೆಗಳೇ ಹಡಿಲು ಬಿದ್ದಿವೆ, ಕೆಲವು ಮನೆ ಕಟ್ಟುವ ನಿವೇಶನಗಳಾಗಿವೆ. ಗದ್ದೆಯಿಂದ ಹಿತ್ತಲಿಗೆ ಬಂದ ಮೆಣಸಿಗೆ ಆ ರಕ್ಷಣೆ ತಪ್ಪಿದೆ. ಹಳೆಯ ಪಂಚಾಂಗ ಉಳಿದುಕೊಂಡು ಹಳೆಯ ನೆಲ ಹೋದಮೇಲೆ ಪಂಚಾಂಗವನ್ನೇ ನಂಬಿ ಕೂರಬಹುದೇ?

ಹಿರಿಯಾಕೆ: ಗದ್ದೆ ಹೋದದ್ದು ನಿಜ, ಮಾತಿಗೆ ಎದುರಿಲ್ಲ. ಹಾಲಕ್ಕಿ ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ತಂದ ತರಕಾರಿಯಿಂದ ಕುಮಟೆ, ಅಂಕೋಲೆಯ ಸಂತೆ ನಡೆಯುತ್ತಿತ್ತು. ಆ ಬುಟ್ಟಿಗಳೂ ಕಡಿಮೆಯಾದವು. ಆದರೆ ನೆಲ ಬದಲಾದ ಮಾತ್ರಕ್ಕೆ ಆಕಾಶ ಬದಲಾಯಿತೇ?

ಕಿರಿಯವನು: ಆಕಾಶವೂ ಬದಲಾಗುತ್ತಿದೆ. 2022ರ ಆಗಸ್ಟ್ ಮೊದಲಲ್ಲಿ ಭಟ್ಕಳದಲ್ಲಿ ಒಂದೇ ದಿನಕ್ಕೆ 500 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗಿ ಪೇಟೆಯೇ ಮುಳುಗಿತು, ಗುಡ್ಡ ಜರಿದು ಜೀವಹಾನಿಯಾಯಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಜನ ಸತ್ತರು, ದಾರಿ ದಿನಗಟ್ಟಲೆ ಮುಚ್ಚಿತು. ಘಟ್ಟದ ಮೇಲಿನಿಂದ ಬರುವ ಲಾರಿಯನ್ನೇ ನೆಚ್ಚಿದ ಅಡುಗೆಮನೆಗೆ ಅಂಥ ದಿನಗಳಲ್ಲಿ ಹಿತ್ತಲಿನ ನಾಲ್ಕು ಕಾಯಿಯ ಬೆಲೆ ತಿಳಿಯುತ್ತದೆ. ಬೇಸಿಗೆಯಲ್ಲಿ ಎಲ್ಲರ ಮನೆಯಲ್ಲೂ ಇರುವಾಗ ಮಾತ್ರ ಇದ್ದು, ಇಲ್ಲದ ಕಾಲಕ್ಕೆ ಇಲ್ಲದಿರುವ ಗಿಡವನ್ನು ಮನೆಯ ಗಿಡ ಎನ್ನುವುದು ಹೇಗೆ?

ಹಿರಿಯಾಕೆ: ಆ ಕಾಲಕ್ಕೆ ಒದಗುವ ಗಿಡ ಬಾವಿಯ ಕಟ್ಟೆಯ ಪಕ್ಕದಲ್ಲಿ ಈಗಲೂ ಇದೆ, ತಮ್ಮಾ. ಅದನ್ನು ಯಾರೂ ನೆಟ್ಟದ್ದಲ್ಲವಾದ್ದರಿಂದ ಅದು ನಿನ್ನ ಯೋಜನೆಯಲ್ಲಿ ಸೇರಿಲ್ಲ.

ಹಿರಿಯಾಕೆ ಸೂಚಿಸುವುದು ಸೂಜಿಮೆಣಸನ್ನು. ಕೆಲವೆಡೆ ಜೀರಿಗೆ ಮೆಣಸು ಎಂದೂ ಕರೆಯಲಾಗುವ ಈ ಗಿಡ ಸಾಮಾನ್ಯ ಮೆಣಸಿನಂತೆ ಒಂದು ಹಂಗಾಮಿಗೆ ಮುಗಿಯದೆ, ಪೊದೆಯಾಗಿ ಬೆಳೆದು ಕೆಲವು ವರ್ಷ ಬದುಕುತ್ತದೆ. ಅದರ ಚಿಕ್ಕ ಕಾಯಿಗಳು ಆಕಾಶಕ್ಕೆ ಮುಖಮಾಡಿ ನಿಲ್ಲುತ್ತವೆ. ಸಸ್ಯಶಾಸ್ತ್ರಜ್ಞರು ಪೇಟೆಯ ಉದ್ದ ಮೆಣಸನ್ನು ಕ್ಯಾಪ್ಸಿಕಂ ಆನ್ಯುಮ್ ಎಂದೂ ಇದನ್ನು ಕ್ಯಾಪ್ಸಿಕಂ ಫ್ರೂಟೆಸೆನ್ಸ್ ಎಂದೂ ಬೇರೆ ಪ್ರಭೇದಗಳಾಗಿ ಎಣಿಸುತ್ತಾರೆ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ರಾಸಾಯನಿಕ, ಜನ ನಂಬಿರುವಂತೆ ಬೀಜದಲ್ಲಿ ಹುಟ್ಟದೆ, ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ ಹುಟ್ಟುತ್ತದೆ. ಸಸ್ತನಿಗಳ ನಾಲಗೆಯಲ್ಲಿ ಬಿಸಿಯನ್ನು ಗುರುತಿಸುವ ಗ್ರಾಹಕವನ್ನೇ ಅದು ಕೆರಳಿಸುವುದರಿಂದ ಮೆಣಸು ತಿಂದಾಗ ಸುಟ್ಟ ಅನುಭವವಾಗುತ್ತದೆ; ಈ ಗ್ರಾಹಕವನ್ನು ಕ್ಯಾಪ್ಸೈಸಿನ್ ಬಳಸಿಯೇ ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಸಂದಿತು. ಹಕ್ಕಿಗಳಿಗೆ ಆ ಖಾರ ತಾಗುವುದಿಲ್ಲ. ಪಿಕಳಾರ ಹಣ್ಣನ್ನು ನುಂಗಿ, ಬೀಜವನ್ನು ಜಗಿಯದೆ, ಇನ್ನೊಂದು ಕಟ್ಟೆಯ ಬಳಿ ಹಿಕ್ಕೆಯೊಡನೆ ಬಿಟ್ಟುಹೋಗುತ್ತದೆ. ಹಿತ್ತಲಿನಲ್ಲಿ ತಾನಾಗಿ ಹುಟ್ಟುವ ಸೂಜಿಮೆಣಸಿನ ಗುಟ್ಟು ಇದೇ.

ಕಿರಿಯವನು: ಸೂಜಿಮೆಣಸು ತಂಬುಳಿಗೆ, ಅಪ್ಪೆಹುಳಿಗೆ ಸರಿ, ಎರಡು ಕಾಯಿಗೆ ಇಡೀ ಪಾತ್ರೆ ಖಾರವಾಗುತ್ತದೆ. ಆದರೆ ಮಕ್ಕಳಿರುವ ಮನೆಯ ಪಲ್ಯಕ್ಕೆ, ಬಜ್ಜಿಗೆ, ಮಜ್ಜಿಗೆ ಮೆಣಸಿಗೆ ಅದು ಆಗದು.

ಹಿರಿಯಾಕೆ: ಅದಕ್ಕಾಗಿಯೇ ಎರಡೂ ಬೇಕು, ಸೂಜಿಮೆಣಸಿನ ಮೂರು ಗಿಡ ಆಪತ್ತಿಗೆ, ಉದ್ದ ಮೆಣಸಿನ ಮಡಿ ಹಂಗಾಮಿಗೆ. ಎಷ್ಟು ಗಿಡ ಬೇಕಾದೀತು ಎಂದು ಲೆಕ್ಕ ಹಾಕಿದ್ದೀಯಾ?

ಕಿರಿಯವನು: ಐದು ಜನರ ಮನೆಗೆ ದಿನಕ್ಕೆ 25 ಗ್ರಾಂ ಹಸಿಮೆಣಸು ಎಂದು ಹಿಡಿದರೆ ನಾಲ್ಕು ತಿಂಗಳಿಗೆ 3 ಕಿಲೋ. ಚೆನ್ನಾಗಿ ಬಂದ ಗಿಡ ಹಂಗಾಮಿನುದ್ದಕ್ಕೂ ಅರ್ಧ ಕಿಲೋ ಕೊಟ್ಟರೂ ಆರು ಗಿಡ ಸಾಕು. ಸಾಯುವುದಕ್ಕೆಂದು ಇನ್ನು ನಾಲ್ಕು ಸೇರಿಸಿ ಹತ್ತು. ಒಂದೂವರೆ ಅಡಿಗೊಂದರಂತೆ, ಸಾಲಿನಿಂದ ಸಾಲಿಗೆ ಎರಡು ಅಡಿ ಬಿಟ್ಟರೆ ಒಂದು ಕೋಣೆಯ ಅರ್ಧದಷ್ಟೂ ಜಾಗ ಬೇಡ. ಒಣಮೆಣಸನ್ನೂ ಮನೆಯಲ್ಲೇ ಮಾಡಿಕೊಳ್ಳುವುದಾದರೆ ಮಾತು ಬೇರೆ: ನಾಲ್ಕು ಕಿಲೋ ಹಣ್ಣು ಒಣಗಿದರೆ ಹೆಚ್ಚುಕಡಿಮೆ ಒಂದು ಕಿಲೋ ಆಗುವುದರಿಂದ, ವರ್ಷಕ್ಕೆ 4 ಕಿಲೋ ಒಣಮೆಣಸು ಬೇಕಾದ ಮನೆಗೆ 16 ಕಿಲೋ ಹಣ್ಣು, ಅಂದರೆ 32 ಗಿಡ ಬೇಕು.

ಹಿರಿಯಾಕೆ: ಒಣಮೆಣಸಿನ ಆಸೆ ಬಿಡು. ಮೀನುಸಾರಿಗೆ ಬೇಕಾದ ಬಣ್ಣ ಬ್ಯಾಡಗಿಯ ಮೆಣಸಿನದು. ಅದು ಹಾವೇರಿ, ಧಾರವಾಡ, ಗದಗದ ಕಪ್ಪು ಮಣ್ಣಿನಲ್ಲಿ, ಒಣ ಗಾಳಿಯಲ್ಲಿ ಮಾಗಿ ಸುಕ್ಕುಗಟ್ಟಿ ಬರುವ ಬಣ್ಣ. ಇಲ್ಲಿ ಬೆಳೆದರೂ ಆ ಕೆಂಪು ಕಾಣುವುದಿಲ್ಲ, ಒಣಗಿಸಲು ಹಾಕಿದ ಚಾಪೆಯ ಮೇಲೆ ಕಡಲಿನ ತೇವ ಕೂತು ಬೂಸು ಹಿಡಿಯುತ್ತದೆ. ಮಳೆಗಾಲದ ಸಾಮಾನು ಕೊಳ್ಳುವಾಗ ಏಪ್ರಿಲ್‌ನಲ್ಲೇ ಒಣಮೆಣಸು ಕೊಂಡು, ನಾಲ್ಕು ಬಿಸಿಲು ಕಾಣಿಸಿ, ಡಬ್ಬಿಗೆ ತುಂಬುವ ಪದ್ಧತಿ ಸೋಮಾರಿತನದಿಂದ ಬಂದದ್ದಲ್ಲ. ಯಾವುದು ತನ್ನ ನೆಲದ್ದಲ್ಲ ಎಂದು ಬಲ್ಲವರ ಪದ್ಧತಿ ಅದು.

ಈ ಮಾತನ್ನು ಕಿರಿಯವನು ಒಪ್ಪುತ್ತಾನೆ, ಒಪ್ಪಬೇಕಾದ ಮಾತೂ ಹೌದು: ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಗುಣಕ್ಕಾಗಿ 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸು ಘಟ್ಟದ ಮೇಲಿನ ಹವೆಯ ಕೂಸು. ಆದರೆ ‘ತನ್ನ ನೆಲದ್ದು’ ಎಂಬ ಪದವನ್ನು ಅವನು ಸುಮ್ಮನೆ ಬಿಡುವುದಿಲ್ಲ.

ಕಿರಿಯವನು: ಯಾವ ಮೆಣಸಿನಕಾಯಿ ಈ ನೆಲದ್ದು, ದೊಡ್ಡಮ್ಮ? ಮೆಕ್ಸಿಕೋ ಮತ್ತು ದಕ್ಷಿಣ ಅಮೆರಿಕದ ಗಿಡವಿದು. ಪೋರ್ಚುಗೀಸರ ಹಡಗಿನಲ್ಲಿ ಗೋವೆಗೆ ಬಂದದ್ದು 16ನೆಯ ಶತಮಾನದಲ್ಲಿ. ಅವರು ಈ ಕರಾವಳಿಗೆ ಬಂದದ್ದೇ ಕಾಳುಮೆಣಸಿಗಾಗಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಕರೆದದ್ದೇ ಮೆಣಸಿನ ರಾಣಿಯೆಂದು, ಹೊನ್ನಾವರದ ಬಂದರನ್ನು 1505ರಲ್ಲಿ ಸುಟ್ಟವರೂ ಅವರೇ. ಮೆಣಸನ್ನು ಒಯ್ದವರು ಮೆಣಸಿನಕಾಯಿಯನ್ನು ಬಿಟ್ಟುಹೋದರು. ಕನ್ನಡದಲ್ಲಿ ಅದಕ್ಕೆ ಸ್ವಂತ ಹೆಸರೂ ಹುಟ್ಟಲಿಲ್ಲ. ಮೊದಲೇ ಇದ್ದ ಮೆಣಸಿನ ಹೆಸರಿಗೆ ‘ಕಾಯಿ’ ಸೇರಿಸಿದರು, ಹಳೆಯದನ್ನು ಬೇರೆಯಾಗಿ ಗುರುತಿಸಲು ಕರಾವಳಿಯವರು ‘ಒಳ್ಳೆಮೆಣಸು’ ಎನ್ನಬೇಕಾಯಿತು. ಅಂದು ಹೊಸ ಬೀಜವನ್ನು ಹಿತ್ತಲಿಗೆ ಹಾಕಿದ ಧೈರ್ಯವೇ ಇಂದಿನ ನಿಮ್ಮ ಊರಬೀಜವಾಗಿದೆ. ಇಂದು ಹೈಬ್ರಿಡ್ ಹಾಕುವವನಿಗೆ ಮಾತ್ರ ಆ ಹಕ್ಕಿಲ್ಲವೇ?

ಹಿರಿಯಾಕೆ: ಹಕ್ಕು ಇದೆ. ಆದರೆ ಅಂದಿನವರು ಹೊಸ ಬೀಜ ಹಾಕಿ, ಮಳೆಗೆ ಸತ್ತದ್ದು ಸತ್ತ ಮೇಲೆ ಉಳಿದ ಗಿಡದಿಂದ ಬೀಜ ತೆಗೆದು, ಮರುವರ್ಷ ಅದನ್ನೇ ಹಾಕಿ, ಹೀಗೆ ನಾನ್ನೂರು ವರ್ಷ ಆಯ್ದರು. ಆಯ್ಕೆ ಅವರ ಕೈಯಲ್ಲೇ ಇತ್ತು. ಹೈಬ್ರಿಡ್ ಬೀಜವನ್ನು ಆಯಲು ಬರುವುದಿಲ್ಲವಲ್ಲ. ಮೊದಲ ವರ್ಷ ಗಿಡ ಒಂದೇ ಸಮ, ಕಾಯಿ ಒಂದೇ ಅಳತೆ. ಅದರ ಬೀಜ ಹಾಕಿದರೆ ಒಂದು ಎತ್ತರ, ಒಂದು ಗಿಡ್ಡ, ಒಂದು ಖಾರ, ಒಂದು ಸಪ್ಪೆ. ಪ್ರತಿ ವರ್ಷ ಪೊಟ್ಟಣಕ್ಕೆ ಕೈಚಾಚುವ ಹಿತ್ತಲು ಮನೆಯದು ಹೇಗಾಯಿತು ಎಂದು ನಿನ್ನ ಮಾತನ್ನೇ ತಿರುಗಿಸಿ ಕೇಳಬೇಕಾಗುತ್ತದೆ.

ಹೈಬ್ರಿಡ್ ಎಂದರೆ ಗುಣದಲ್ಲಿ ಬೇರೆಯಾದ ಎರಡು ಶುದ್ಧ ಸಾಲುಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆಯ ಬೀಜ. ಎರಡನೆಯ ಪೀಳಿಗೆಯಲ್ಲಿ ತಾಯಿತಂದೆಯ ಗುಣಗಳು ಮತ್ತೆ ಬೇರ್ಪಟ್ಟು ಹಂಚಿಹೋಗುವುದರಿಂದ ಹಿರಿಯಾಕೆ ವರ್ಣಿಸಿದ ಅಸಮತೆ ಕಾಣಿಸುತ್ತದೆ. ಆದರೆ ಅಂಗಡಿಯ ಪೊಟ್ಟಣ ಮತ್ತು ಊರಬೀಜ ಎಂಬ ಎರಡೇ ದಾರಿಗಳಿಲ್ಲ. ಸಂಶೋಧನಾ ಸಂಸ್ಥೆಗಳು ಆಯ್ದು ಬಿಡುಗಡೆ ಮಾಡಿದ, ಬೀಜ ಉಳಿಸಿಕೊಂಡರೆ ತನ್ನ ಗುಣವನ್ನು ಉಳಿಸಿಕೊಳ್ಳುವ ತಳಿಗಳೂ ಇವೆ, ಮತ್ತು ಹಿತ್ತಲಿನ ಚರ್ಚೆಗಳಲ್ಲಿ ಹೆಚ್ಚಾಗಿ ಮರೆತುಹೋಗುವುದು ಈ ಮೂರನೆಯ ದಾರಿಯೇ.

ಕಿರಿಯವನು: ಹೈಬ್ರಿಡ್ ಬೇಡವೆಂದಾದರೆ ಉಜ್ವಲಾ ಆಗಬಹುದು. ಕೇರಳ ಕೃಷಿ ವಿಶ್ವವಿದ್ಯಾಲಯದವರು ಬಿಡುಗಡೆ ಮಾಡಿದ ತಳಿ, ಸೊರಗು ರೋಗವನ್ನು ತಡೆಯುತ್ತದೆ. ಅದನ್ನು ಪೂಸಾ ಜ್ವಾಲಾದೊಡನೆ ಕೂಡಿಸಿ ಪಡೆದ ಅನುಗ್ರಹಕ್ಕೂ ಆ ಗುಣವಿದೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಲೋಹಿತ್ ಕೂಡ ಬೀಜ ಉಳಿಸಿಕೊಳ್ಳಬಹುದಾದ ತಳಿಯೇ. ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿದರೆ ಇಲ್ಲಿಗೆ ಯಾವುದು ಹೊಂದುತ್ತದೆಂದು ಹೇಳಿಯಾರು. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯಿದೆ ಬೀಜ ಉಳಿಸುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು ರೈತರಿಗೆ ಕೊಟ್ಟೂ ಇದೆ.

ಹಿರಿಯಾಕೆ: ಕಾಯಿದೆ ಬರುವ ಮೊದಲೂ ಬೀಜ ಕೇಳಿದವರಿಗೆ ಇಲ್ಲವೆಂದವರಿಲ್ಲ. ಉಜ್ವಲಾ ಬರಲಿ, ಬೇಡವೆನ್ನುವುದಿಲ್ಲ. ಆದರೆ ಡಬ್ಬಿಯಲ್ಲಿರುವ ಊರಮೆಣಸಿನ ಬೀಜವನ್ನೂ ಹಾಕಬೇಕು. ಈ ವರ್ಷ ಹಾಕದೆ ಬಿಟ್ಟರೆ ಮುಂದಿನ ವರ್ಷಕ್ಕೆ ಆ ಬೀಜಕ್ಕೆ ಮೊಳೆಯುವ ಶಕ್ತಿ ಉಳಿಯುತ್ತದೋ ಇಲ್ಲವೋ. ಈ ಗಾಳಿಯಲ್ಲಿ ಬೀಜ ಬಹಳ ದಿನ ತಾಳುವುದಿಲ್ಲ, ಒಲೆಯ ಮೇಲೆ ಹೊಗೆ ತಾಗುವಂತೆ ಹಣ್ಣು ತೂಗುಹಾಕುತ್ತಿದ್ದದ್ದು ಅದಕ್ಕೇ. ಈಗ ಒಲೆಯಲ್ಲಿ ಹೊಗೆಯೂ ಇಲ್ಲ.

ಕಿರಿಯವನು: ಆ ಬೀಜದೊಡನೆ ರೋಗವೂ ಬರಬಹುದು. ಕಾಯಿ ಕೊಳೆಯುವ ಶಿಲೀಂಧ್ರ ಬೀಜದ ಮೂಲಕ ಸಾಗುತ್ತದೆ. ಚುಕ್ಕೆ ಬಿದ್ದ ಹಣ್ಣಿನಿಂದ ತೆಗೆದ ಬೀಜವಾಗಿದ್ದರೆ ಮಡಿಗೆಲ್ಲ ಹರಡುತ್ತದೆ.

ಹಿರಿಯಾಕೆ: ಚುಕ್ಕೆ ಬಿದ್ದ ಹಣ್ಣಿನಿಂದ ಬೀಜ ತೆಗೆಯುವವರು ಯಾರು? ಮೊದಲ ಕೊಯ್ಲನ್ನು ಅಡುಗೆಗೆ ಕೊಟ್ಟು, ಎರಡನೆಯ ಕೊಯ್ಲಿನಲ್ಲಿ ಗಟ್ಟಿಯಾದ ಗಿಡದ ನಡುಗೊಂಬೆಯ ಕಾಯಿಯನ್ನು ಮುಟ್ಟದೆ ಬಿಟ್ಟು, ಅದು ಗಿಡದಲ್ಲೇ ಪೂರ್ತಿ ಕೆಂಪಾದ ಮೇಲೆ ನೆರಳಿನಲ್ಲಿ ಒಣಗಿಸಿ ತೆಗೆದ ಬೀಜ ಅದು.

ಬೀಜದ ಮಾತು ಇಷ್ಟು ಬೆಳೆದಮೇಲೆ ಉಳಿದ ವಿಷಯಗಳಲ್ಲಿ ಇಬ್ಬರೂ ಬೇಗ ಒಮ್ಮತಕ್ಕೆ ಬರುತ್ತಾರೆ. ಮಣ್ಣಿನ ಹುಳಿ ಕಳೆಯಲು ನಾಟಿಗೆ ಎರಡು ಮೂರು ವಾರ ಮೊದಲೇ ಸುಣ್ಣ ಸೇರಿಸಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕುಮಟಾದ ಅಘನಾಶಿನಿ ಅಳಿವೆಯ ಚಿಪ್ಪಿಯಿಂದ ಸುಣ್ಣ ಮಾಡುವುದು ಈ ಸೀಮೆಗೆ ಪರಿಚಿತವೇ. ಮಡಿ ನೆಲಮಟ್ಟದಿಂದ ಒಂದು ಅಡಿ ಎತ್ತರವಿರಬೇಕು, ಬುಡಕ್ಕೆ ದರಕು, ಅಂದರೆ ಒಣಗಿದ ತರಗೆಲೆ, ಹೊದಿಸಬೇಕು, ಹಿಂದಿನ ವರ್ಷ ಬದನೆಯಿದ್ದ ಮೂಲೆಯನ್ನು ಬಿಡಬೇಕು. ಎಲೆ ಮುದುಡುವ ಮುಟುರು ರೋಗದ ವಿಷಯದಲ್ಲಿ ಕಣ್ಣಿನ ಪರೀಕ್ಷೆಯೇ ಮುಖ್ಯ: ಎಲೆಯ ಅಂಚು ಮೇಲಕ್ಕೆ ಮಡಚಿಕೊಂಡರೆ ಅದು ಥ್ರಿಪ್ಸ್ ನುಸಿಯ ಕೆಲಸ, ಕವುಚಿದ ದೋಣಿಯಂತೆ ಕೆಳಕ್ಕೆ ಮಡಚಿಕೊಂಡರೆ ಮೈಟ್ ನುಸಿಯದು. 2021-22ರಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣದ ಮೆಣಸಿನ ಹೊಲಗಳನ್ನು ಹಾಳುಮಾಡಿದ ಕಪ್ಪು ಥ್ರಿಪ್ಸ್ ಹೂವಿನೊಳಗೇ ಅಡಗುವ ಹುಳವಾದ್ದರಿಂದ ಹಿತ್ತಲಿನಲ್ಲಿ ವಾರಕ್ಕೊಮ್ಮೆ ಹೂವನ್ನು ಬಿಳಿಯ ಕಾಗದದ ಮೇಲೆ ತಟ್ಟಿ ನೋಡುವುದು ಒಳ್ಳೆಯದೆಂದು ಕಿರಿಯವನು ಸೇರಿಸುತ್ತಾನೆ. ಅಡಿಕೆಯ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣವನ್ನೇ ಸಸಿ ಕೊಳೆಯದಂತೆ ಮಡಿಗೂ ಬಳಸಬಹುದೆಂಬುದು ಹಿರಿಯಾಕೆಗೆ ಹೇಳಿಕೊಡಬೇಕಾದ ಸಂಗತಿಯಲ್ಲ.

ಕಿರಿಯವನು: ಒಟ್ಟಿನಲ್ಲಿ ಹೀಗಾಗಲಿ. ಈಗಲೇ ಉಜ್ವಲಾ ಬೀಜ ತರಿಸಿ ಆರು ಗಿಡವನ್ನು ಚೀಲದಲ್ಲಿ, ಪೂರ್ವದ ಗೋಡೆಯ ಬಳಿ, ಹಾಳೆಯ ಕೆಳಗೆ ರೋಹಿಣಿಗೆ ನೆಡುವುದು. ಊರಮೆಣಸನ್ನು ಹುಬ್ಬೆಗೆ ಬಿತ್ತಿ ಚಿತ್ತೆಗೆ ನೆಲದ ಮಡಿಗೆ ನಾಟಿ ಮಾಡುವುದು. ಶ್ರಾವಣಕ್ಕೆ ಕಾಯಿ ಬಂದರೆ ರೋಹಿಣಿ ಗೆದ್ದಿತು.

ಹಿರಿಯಾಕೆ: ಬಂದರೂ ಒಂದು ವರ್ಷ ಬಂದದ್ದನ್ನು ನೋಡಿ ತೀರ್ಮಾನ ಹೇಳಬೇಡ, ಮೂರು ಮಳೆಗಾಲ ಕಳೆಯಲಿ. ಇನ್ನೊಂದು ಮಾತು: ಆ ಆರು ಗಿಡ ಅಕ್ಟೋಬರ್ ನಂತರವೂ ಬದುಕಿದ್ದು, ಊರಮೆಣಸು ಹೂ ಬಿಡುವಾಗ ಅವೂ ಹೂ ಬಿಟ್ಟರೆ ಬೀಜ ಬೆರಕೆಯಾಗುತ್ತದೆ. ಮೆಣಸು ತನ್ನ ಹೂವಿಗೆ ತಾನೇ ಪರಾಗ ಕೊಟ್ಟುಕೊಂಡರೂ ಜೇನು, ಇರುವೆ ಸುಮ್ಮನಿರುವುದಿಲ್ಲ. ಉಜ್ವಲೆಯನ್ನು ಮನೆಯ ಆಚೆ ಬದಿಗೆ ಇಡು.

ಕಿರಿಯವನು: ಮನೆಯ ಈ ಬದಿಗೂ ಆ ಬದಿಗೂ ನಲವತ್ತು ಅಡಿ ಇದೆ, ದೊಡ್ಡಮ್ಮ, ಜೇನಿಗೆ ಅದು ದೂರವೇ ಅಲ್ಲ.

ಹಿರಿಯಾಕೆ: ಹಾಗಾದರೆ ಬೀಜಕ್ಕೆಂದು ಬಿಡುವ ಗಿಡದ ಒಂದು ಕೊಂಬೆಗೆ, ಮೊಗ್ಗು ಬಿರಿಯುವ ಮೊದಲೇ, ಹಳೆಯ ತೆಳುಪಂಚೆಯ ಚೀಲ ಹೊಲಿದು ಕಟ್ಟು. ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ, ಆ ಕೊಂಬೆಗೆ ಒಂದು ದಾರ ಕಟ್ಟಿಡು, ಅಡುಗೆಗೆ ಕೊಯ್ಯುವವರು ತಿಳಿಯದೆ ಕೊಯ್ದುಬಿಡಬಾರದು.

ಕಿರಿಯವನು: ಯಾವ ಬಣ್ಣದ ದಾರ?

ಹಿರಿಯಾಕೆ: ಬಿಳಿಯದು. ಕೆಂಪಾದರೆ ಹಣ್ಣಿನ ನಡುವೆ ಕಾಣುವುದಿಲ್ಲ.